ಸತ್ತದ್ದು ಮೀಟರಲ್ಲ, ಮೇಲಿನ ಹಾಳೆ

ಪ್ರಶ್ನೆ: ನಮ್ಮಲ್ಲಿ 2002ರ ಮಾದರಿಯ, ಮೂವರು ಕೂರುವ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ಒಂದುಂಟು. ಬಾವ ದುಬೈಯಲ್ಲಿದ್ದಾಗ ಕೊಂಡದ್ದು, ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಚೆನ್ನಾಗಿದೆ. ಹ್ಯಾಂಡಲ್ ಎದುರಿನ ಎಲ್‌ಸಿಡಿ ಮೀಟರ್ ಮಾತ್ರ ವರ್ಷದಿಂದ ವರ್ಷಕ್ಕೆ ಮಾಸುತ್ತಾ ಬಂದು ಈಗ ಅಂಕಿಗಳೇ ಕಾಣುವುದಿಲ್ಲ. ಓರೆಯಾಗಿ ನೋಡಿದರೆ ನೆರಳಿನ ಹಾಗೆ ಏನೋ ಕಾಣುತ್ತದೆ, ನಡುವೆ ಕಂದು ಕಲೆ ಇದೆ. ಹೊಸ ಮೀಟರ್ ಸಿಗುವುದಿಲ್ಲ ಎನ್ನುತ್ತಾರೆ. ಮನೆಯಲ್ಲೇ ಸರಿ ಮಾಡಬಹುದೇ? ಮೀಟರ್ ಇಲ್ಲದೆ ಓಡಿಸಿದರೆ ತೊಂದರೆ ಉಂಟೇ?
— ಉಪ್ಪಳದ ಓದುಗರು

ಉತ್ತರ: ‘ಓರೆಯಾಗಿ ನೋಡಿದರೆ ನೆರಳಿನ ಹಾಗೆ ಕಾಣುತ್ತದೆ’ ಎಂದು ಬರೆದಿರಲ್ಲ, ಆ ಒಂದು ಮಾತೇ ಅರ್ಧ ರೋಗ ಹೇಳಿತು. ನಿಮ್ಮ ಎಲ್‌ಸಿಡಿ ಬದುಕಿದೆ. ಅದರ ಗಾಜಿಗೆ ಅಂಟಿಸಿದ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಪೋಲರೈಸರ್ ಅನ್ನುತ್ತೇವೆ, ಅದು ಹೋಗಿದೆ. ಕೈ ನಡುಗದವರು ಎರಡು ಮೂರು ದಿನ ಬಿಡುವು ಮಾಡಿಕೊಂಡರೆ ಮನೆಯಲ್ಲೇ ಆಗುವ ಕೆಲಸ. ಆದರೆ ಈಗಲೇ ಹೇಳಿಬಿಡುತ್ತೇನೆ, ಹಾಳೆ ಬದಲಿಸುವುದು ಇದರಲ್ಲಿ ಸುಲಭದ ಪಾಲು. ಮೀಟರಿನ ಡಬ್ಬ ಒಡೆಯದ ಹಾಗೆ ಬಿಚ್ಚುವುದು, ಬಿಚ್ಚಿದ್ದನ್ನು ಉಪ್ಪುನೀರು ನುಗ್ಗದ ಹಾಗೆ ಮತ್ತೆ ಮುಚ್ಚುವುದು, ಬೆವರು ಇಳಿಯುವುದು ಅಲ್ಲಿ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಯಾರದ್ದಾದರೂ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ತೆಗೆದುಕೊಳ್ಳಿ. ಕಡಲಲ್ಲಿ ಮೀನು ಹಿಡಿಯುವವರಲ್ಲಿ, ದೂರ ಬೈಕ್ ಓಡಿಸುವವರಲ್ಲಿ ಇದ್ದೇ ಇರುತ್ತದೆ. ಮೀಟರಿಗೆ ಕರೆಂಟ್ ಕೊಟ್ಟು, ಕನ್ನಡಕದ ಒಂದು ಗಾಜನ್ನು ಅದರ ಮುಂದೆ ಹಿಡಿದು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಅಂಕಿಗಳು ಕಪ್ಪಾಗಿ ಎದ್ದು ಬಂದರೆ ಗಾಜು, ಒಳಗಿನ ಸರ್ಕ್ಯೂಟ್, ಹಿಂದಿನ ಹಾಳೆ ಎಲ್ಲ ಸರಿ, ಮುಂದಿನ ಹಾಳೆ ಮಾತ್ರ ಹೋಗಿದೆ ಎಂದರ್ಥ. ಎಷ್ಟು ತಿರುಗಿಸಿದರೂ ಏನೂ ಕಾಣದಿದ್ದರೆ ಹಿಂದಿನ ಹಾಳೆಯೂ ಹೋಗಿರಬಹುದು, ಅಥವಾ ಮೀಟರಿಗೆ ಕರೆಂಟೇ ಬರುತ್ತಿಲ್ಲ. ಕ್ಯಾಮೆರಾದ ಲೆನ್ಸಿಗೆ ಹಾಕುವ ಪೋಲರೈಸರ್, ಅಂದರೆ ಸಿಪಿಎಲ್ ಫಿಲ್ಟರ್, ಇದ್ದವರು ಅದನ್ನೂ ಬಳಸಬಹುದು. ಅದು ಒಂದೇ ಮುಖದಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ, ಹಾಗಾಗಿ ಫೋಟೋ ತೆಗೆಯುವಾಗ ದೃಶ್ಯದ ಕಡೆಗಿರುವ ಮುಖವನ್ನು ಮೀಟರಿನ ಕಡೆಗೆ ಹಿಡಿಯಿರಿ.

ಇದಕ್ಕೆ ತಿರುಗುಮುರುಗಾದ ಪ್ರಕರಣವೂ ಉಂಟು. ಮೀಟರ್ ಪೂರ್ತಿ ಕಪ್ಪಾಗಿದೆ ಎಂದು ಒಬ್ಬರು ಮೊಗ್ರಾಲಿನಿಂದ ಗಾಡಿಯನ್ನೇ ಟೆಂಪೋದಲ್ಲಿ ಹೇರಿ ತಂದರು. ನೋಡಿದರೆ ಮೀಟರಿಗೆ ಏನೂ ಆಗಿರಲಿಲ್ಲ, ಅವರು ಹಾಕಿದ ಹೊಸ ಕನ್ನಡಕ ಪೋಲರೈಸ್ಡ್. ಎರಡು ಹಾಳೆಗಳು ಅಡ್ಡಡ್ಡ ಬಂದರೆ ಬೆಳಕು ದಾಟುವುದಿಲ್ಲ. ಕನ್ನಡಕ ತೆಗೆಸಿದೆ, ಚಹಾ ಕುಡಿಸಿ ಕಳಿಸಿದೆ.

ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಕೆಲಸದಲ್ಲಿ ತಪ್ಪು ಕಡಿಮೆಯಾಗುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಹಿಡಿದು ಕಿಟಕಿಯ ನಿಂತ ಸರಳುಗಳ ಎದುರು ನಿಲ್ಲಿ. ಕಡ್ಡಿಯನ್ನು ನೆಟ್ಟಗೆ ಹಿಡಿದರೆ ಸಂದಿಯಲ್ಲಿ ದಾಟುತ್ತದೆ, ಅಡ್ಡ ಹಿಡಿದರೆ ತಡೆಯುತ್ತದೆ. ಪೋಲರೈಸರ್ ಹಾಳೆ ಬೆಳಕಿಗೆ ಅಂಥ ಸರಳಿನ ಕಿಟಕಿ. ಎಲ್‌ಸಿಡಿಯಲ್ಲಿ ಇಂಥ ಎರಡು ಕಿಟಕಿಗಳು, ಒಂದರ ಸರಳು ನೆಟ್ಟಗೆ, ಇನ್ನೊಂದರದ್ದು ಅಡ್ಡ. ನಡುವೆ ಎರಡು ಗಾಜುಗಳ ಒಳಗೆ ಕೂದಲೆಳೆಗಿಂತ ತೆಳುವಾದ ಲಿಕ್ವಿಡ್ ಕ್ರಿಸ್ಟಲ್ ಪದರ. ಅದು ಬೆಳಕಿನ ಕಡ್ಡಿಯನ್ನು 90 ಡಿಗ್ರಿ ತಿರುಚಿ ಎರಡನೇ ಕಿಟಕಿಯನ್ನೂ ದಾಟಿಸುತ್ತದೆ. ಒಂದು ಅಂಕಿಯ ತುಂಡಿಗೆ ಕರೆಂಟ್ ಕೊಟ್ಟಾಗ ಅಲ್ಲಿ ಆ ತಿರುಚು ಬಿಚ್ಚಿಹೋಗುತ್ತದೆ, ಬೆಳಕು ತಡೆಯುತ್ತದೆ, ನಮಗೆ ಕಪ್ಪು ಕಾಣುತ್ತದೆ. ಈಗ ಮುಂದಿನ ಕಿಟಕಿಯ ಸರಳುಗಳನ್ನೇ ಕಿತ್ತುಬಿಟ್ಟರೆ? ಒಳಗೆ ಅಂಕಿ ಬರೆದುಕೊಂಡೇ ಇರುತ್ತದೆ, ತಡೆಯುವವರಿಲ್ಲದೆ ಎಲ್ಲ ಬೆಳಕೂ ಹೊರಬರುತ್ತದೆ. ನಿಮ್ಮ ಮೀಟರಿನಲ್ಲಿ ಆಗಿರುವುದು ಇಷ್ಟೇ.

ಆ ಸರಳುಗಳು ಏನು ಗೊತ್ತೇ? ಅಯೋಡಿನ್. ಗಾಯಕ್ಕೆ ಹಚ್ಚುವ ಟಿಂಚರಿನಲ್ಲಿರುವ ಅದೇ ವಸ್ತು. ಪಿವಿಎ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ ಊಡಿಸಿ, ಒಂದೇ ದಿಕ್ಕಿಗೆ ಎಳೆದು ಹಿಗ್ಗಿಸುತ್ತಾರೆ. ಆಗ ಅದರ ಅಣುಗಳು ಸಾಲಾಗಿ ನಿಲ್ಲುತ್ತವೆ. ಅಮೆರಿಕದ ಎಡ್ವಿನ್ ಲ್ಯಾಂಡ್ 1938ರ ಹೊತ್ತಿಗೆ ರೂಪಿಸಿದ ಉಪಾಯ, ಇವತ್ತಿಗೂ ಹೆಚ್ಚುಕಡಿಮೆ ಅದೇ. ಈ ಪದರವನ್ನು ಎರಡು ಬದಿಗೂ ಸೆಲ್ಯುಲೋಸ್ ಟ್ರೈ ಅಸಿಟೇಟ್ ಹಾಳೆ ಹಾಕಿ ಕಾಯುತ್ತಾರೆ. ಅಯೋಡಿನ್ನಿಗೆ ಶಾಖವೂ ತೇವವೂ ಒಟ್ಟಿಗೆ ಬಂದರೆ ಆಗದು. ಹಾಳೆ ತಯಾರಿಸುವವರು ಪರೀಕ್ಷೆಗೆ ಇಡುವುದೇ ಸುಮಾರು 60 ಡಿಗ್ರಿ ಶಾಖ, ಶೇಕಡಾ 90 ತೇವದಲ್ಲಿ. ನಮ್ಮ ಕಡಪ್ಪುರದಲ್ಲಿ, ಅಂದರೆ ಕಡಲತಡಿಯಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ, ಆಗಷ್ಟೇ ಅಲೆ ಹೊಡೆಸಿಕೊಂಡ ಕಪ್ಪು ಮೀಟರಿನ ಒಳಗೆ ಆ ಪರೀಕ್ಷೆ ದಿನಾ ನಡೆಯುತ್ತದೆ. ನಿಮ್ಮ ಕಂದು ಕಲೆ ಅದರ ಗುರುತು. ಹಾಳೆ ತೀರ ಕೆಟ್ಟಿದ್ದರೆ ಡಬ್ಬ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಸಿಟೇಟ್ ಕೊಳೆತು ಅಸಿಟಿಕ್ ಆಮ್ಲ ಬಿಡುತ್ತಿದೆ ಎಂದರ್ಥ. ಹಳೆಯ ಸಿನಿಮಾ ರೀಲಿನ ಡಬ್ಬದಲ್ಲಿ ಬರುವುದೂ ಇದೇ ವಾಸನೆ.

ಬಿಚ್ಚುವ ಮೊದಲು ಇನ್ನೆರಡು ಅನುಮಾನ ಪರಿಹರಿಸಿಕೊಳ್ಳಿ. ಮೀಟರಿನ ಹೊರಗಿನ ಪಾರದರ್ಶಕ ಮುಚ್ಚಳವೇ ಬಿಸಿಲಿಗೆ ಹಳದಿಯಾಗಿ ಮಬ್ಬಾಗಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದ ಕ್ಷಣ ಚೆನ್ನಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಬ್ಬಾದರೆ ದೋಷ ಅಲ್ಲಿಯೂ ಇದೆ. 1500, ಆಮೇಲೆ 2000 ನಂಬರಿನ ನೀರುಕಾಗದದಲ್ಲಿ (ನೀರು ಹಾಕಿ ತಿಕ್ಕುವ ಮರಳುಕಾಗದ) ತಿಕ್ಕಿ ಪ್ಲಾಸ್ಟಿಕ್ ಪಾಲಿಷ್ ಹಾಕಿದರೆ ಹೋಗುತ್ತದೆ. ಎರಡನೆಯದು ಕರೆಂಟು. ಬ್ಯಾಟರಿ 12.5 ವೋಲ್ಟಿನ ಆಸುಪಾಸು ಇರಬೇಕು. ಮೀಟರಿನ ಹಿಂದಿನ ಕನೆಕ್ಟರ್ ಬಿಚ್ಚಿ ನೋಡಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಉಜ್ಜಿ. ಹೀಗೆ ಉಜ್ಜಿದ್ದರಿಂದಲೇ ಸರಿಯಾದ ಮೀಟರುಗಳನ್ನು ನಾನು ಕಂಡಿದ್ದೇನೆ.

ಒಂದೆರಡು ಅಂಕಿಗಳ ತುಂಡು ಮಾತ್ರ ಕಾಣದೆ ಉಳಿದವು ಕಪ್ಪಗೆ ಇದ್ದರೆ ಅದು ಬೇರೆ ರೋಗ. ಗಾಜಿಗೂ ಬೋರ್ಡಿಗೂ ನಡುವೆ ಕಪ್ಪು ಬಿಳಿ ಪಟ್ಟೆಯ ರಬ್ಬರ್ ತುಂಡು ಕೂರುತ್ತದೆ, ನಾವು ಅದನ್ನು ಝೀಬ್ರಾ ಎನ್ನುತ್ತೇವೆ. ಅದರಲ್ಲಿ ಕೊಳೆ ಕೂತರೆ ಅಂಕಿ ಮುರಿಯುತ್ತದೆ. ಇನ್ನು, ಗಾಜಿನ ಅಂಚಿನಿಂದ ಮಸಿ ಚೆಲ್ಲಿದ ಹಾಗೆ ಕಪ್ಪು ಹರಡಿದ್ದರೆ ಗಾಜು ಬಿರುಕು ಬಿಟ್ಟು ಒಳಗಿನ ದ್ರವ ಸೋರಿದೆ. ಅದಕ್ಕೆ ಮದ್ದಿಲ್ಲ, ಬೇರೆ ಗಾಜೇ ಬೇಕು. ಮಧ್ಯಾಹ್ನ ಬಿಸಿಲಲ್ಲಿ ಪೂರ್ತಿ ಕಪ್ಪಾಗಿ ನೆರಳಿಗೆ ತಂದರೆ ಸರಿಯಾಗುವುದು ರೋಗವೇ ಅಲ್ಲ. ಶಾಖ ಮಿತಿ ದಾಟಿದಾಗ ಲಿಕ್ವಿಡ್ ಕ್ರಿಸ್ಟಲ್ ಸಾದಾ ದ್ರವದಂತಾಗಿ ತಿರುಚುವ ಕೆಲಸ ಬಿಟ್ಟುಬಿಡುತ್ತದೆ, ತಣಿದ ಮೇಲೆ ಮತ್ತೆ ಹಿಡಿಯುತ್ತದೆ.

ಈಗ ಡಬ್ಬ. ಹಿಂಬದಿ ಸ್ಕ್ರೂ ಇದ್ದರೆ ನೀವು ಪುಣ್ಯವಂತರು. ಆ ಕಾಲದ ಬಹಳಷ್ಟು ಮೀಟರುಗಳ ಮುಚ್ಚಳವನ್ನು ಅಂಟಿಸಿಬಿಟ್ಟಿರುತ್ತಾರೆ. ಹೇರ್ ಡ್ರೈಯರಿನಲ್ಲಿ ಅಂಚನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಗಿಟಾರ್ ಪಿಕ್ ಅಥವಾ ಹಳೆ ಸಿಮ್ ಕಾರ್ಡಿನಂಥ ಪ್ಲಾಸ್ಟಿಕ್ ತುಂಡು ತೂರಿಸುತ್ತಾ ಸುತ್ತು ಬನ್ನಿ. ಸ್ಕ್ರೂಡ್ರೈವರ್ ತುದಿಯಿಂದ ಮೀಟಬೇಡಿ, ಮುಚ್ಚಳ ಮೂಲೆಯಲ್ಲಿ ಸೀಳುತ್ತದೆ. ಬಿಸಿಗೂ ಬಗ್ಗದಿದ್ದರೆ ಕಬ್ಬಿಣ ಕೊಯ್ಯುವ ಸಣ್ಣ ಬ್ಲೇಡಿನಲ್ಲಿ ಜೋಡಿನ ಗೆರೆಯ ಉದ್ದಕ್ಕೂ ಮಿಲಿಮೀಟರ್ ಮಿಲಿಮೀಟರ್ ಆಗಿ ಕೊಯ್ಯಬೇಕು. ಒಳಗೆ ಬೋರ್ಡು ಎಲ್ಲಿ ಕೂತಿದೆ ಎಂದು ತಿಳಿಯದೆ ಬ್ಲೇಡನ್ನು ಆಳಕ್ಕೆ ಇಳಿಸಬೇಡಿ. ಬೋರ್ಡಿನ ಮೇಲೆಲ್ಲ ರಾಳ ಎರೆದ ಮೀಟರ್ ಆಗಿದ್ದು, ಎಲ್‌ಸಿಡಿಯೂ ಆ ರಾಳದಲ್ಲಿ ಹೂತಿದ್ದರೆ, ನನ್ನ ಮಾತು ಕೇಳಿ ಅಲ್ಲೇ ನಿಲ್ಲಿಸಿ. ಬಿಚ್ಚಲು ಹೋಗಿ ಗೆದ್ದವರಿಗಿಂತ ಸೋತವರೇ ಹೆಚ್ಚು.

ಎಲ್‌ಸಿಡಿ ಕೈಗೆ ಸಿಕ್ಕ ಮೇಲೆ ಬೆಳಕಿಗೆ ಹಿಡಿದು ಅದರ ಅಂಚುಗಳನ್ನು ನೋಡಿ. ಒಂದು ಬದಿಯಲ್ಲಿ ಅಕ್ಕಿಕಾಳಿನಷ್ಟು ಅಂಟಿನ ಚುಕ್ಕೆ ಇರುತ್ತದೆ. ದ್ರವ ತುಂಬಿಸಿದ ಬಾಯಿಗೆ ಹಾಕಿದ ಬಿರಡೆ ಅದು. ಬ್ಲೇಡು ತಾಗಿ ಅದು ಕಿತ್ತರೆ ಕತೆ ಮುಗಿಯಿತು. ಇನ್ನೊಂದು ಬದಿಯಲ್ಲಿ ಒಂದು ಗಾಜು ಇನ್ನೊಂದಕ್ಕಿಂತ ಸ್ವಲ್ಪ ಹೊರಚಾಚಿರುತ್ತದೆ, ಓರೆ ಬೆಳಕಿನಲ್ಲಿ ಅದರ ಮೇಲೆ ಸಪೂರ ಗೆರೆಗಳು ಮಿನುಗುತ್ತವೆ. ಅಂಕಿಗಳಿಗೆ ಕರೆಂಟ್ ಹೋಗುವ ದಾರಿ ಅದು. ಒಂದು ಗೆರೆ ಗೀಚಿದರೆ ಒಂದು ತುಂಡು ಶಾಶ್ವತವಾಗಿ ಹೋಗುತ್ತದೆ. ಇವೆರಡೂ ಇಲ್ಲದ ಮೂಲೆಯನ್ನು ಆರಿಸಿ, ಹೊಸ ಶೇವಿಂಗ್ ಬ್ಲೇಡನ್ನು ಗಾಜಿಗೆ ಮಲಗಿಸಿ ಹಾಳೆಯ ತುದಿಯನ್ನು ಎಬ್ಬಿಸಿ. ಎದ್ದ ತುದಿಯನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆಯಬೇಡಿ, ಗಾಜಿನ ಮೈಗೆ ತಾಗಿದಂತೆ ಹಿಂದಕ್ಕೆ ಮಡಚಿ ಎಳೆಯಿರಿ. ಬಾಳೆಗಿಡದ ದಿಂಡಿನಿಂದ ಪದರ ಸುಲಿಯುವ ನಿಧಾನ ಬೇಕು. ನನ್ನ ಮೊದಲ ಗಾಜು ಒಡೆದದ್ದು ಇಲ್ಲಿಯೇ, ಕೊನೆಯ ಒಂದು ಇಂಚು ಬಾಕಿ ಇದ್ದಾಗ, ಆಯಿತಲ್ಲ ಎಂದು ಸರ್ರನೆ ಎಳೆದೆ.

ಹಾಳೆ ಬಂದರೂ ಅಂಟು ಗಾಜಿನಲ್ಲೇ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಅದರ ಮೇಲೆ ಐದು ನಿಮಿಷ ಇಟ್ಟು, ಆಮೇಲೆ ಹೆಬ್ಬೆರಳಲ್ಲಿ ಉರುಟಿದರೆ ಹಲಸಿನ ಮೇಣದ ಹಾಗೆ ಉಂಡೆಯಾಗಿ ಬರುತ್ತದೆ. ಥಿನ್ನರ್, ಪೆಟ್ರೋಲ್ ಹಾಕಲು ಹೋಗಬೇಡಿ. ಆಲ್ಕೋಹಾಲನ್ನೂ ಸುರಿಯುವುದು ಬೇಡ, ಅಂಚಿನ ಸೀಲಿಗೆ ಇಳಿಯಬಾರದು.

ಹೊಸ ಹಾಳೆ ಎಲ್ಲಿ ಸಿಗುತ್ತದೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಡಿಜಿಟಲ್ ಮೀಟರ್ ಇರುವ ಬೈಕುಗಳಿಗೂ ಇದೇ ಕಾಯಿಲೆ ಬರುವುದರಿಂದ ಬೈಕ್ ಮೀಟರ್ ರಿಪೇರಿಯವರಲ್ಲಿ ಪೋಲರೈಸರ್ ಶೀಟ್ ಇರುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಒಂದು ಬದಿಗೆ ಅಂಟು ಇರುವ ಲೀನಿಯರ್ ಪೋಲರೈಸರ್ ಎಂದು ಸ್ಪಷ್ಟವಾಗಿ ಕೇಳಿ. ಅಯೋಡಿನ್ ಬದಲು ಬಣ್ಣ ಊಡಿಸಿದ, ಡೈ ಮಾದರಿಯ ಹಾಳೆ ಸಿಕ್ಕಿದರೆ ಬಿಡಬೇಡಿ. ಕಪ್ಪು ಒಂದು ಹನಿ ಕಡಿಮೆ, ಆದರೆ ಬಿಸಿಲಿಗೂ ತೇವಕ್ಕೂ ಹೆಚ್ಚು ತಾಳುತ್ತದೆ. ಮುಂದಿನ ಹಾಳೆ ಸಾದಾ, ಹಿಂದಿನದ್ದಕ್ಕೆ ಬೆಳ್ಳಿಬಣ್ಣದ ಬೆನ್ನು ಇರುತ್ತದೆ. ಹಿಂದಿನದ್ದು ಗುಳ್ಳೆ ಬಂದಿಲ್ಲ, ಕಂದಾಗಿಲ್ಲ ಎಂದಾದರೆ ಮುಟ್ಟಬೇಡಿ. ಬದಲಿಸಲೇಬೇಕಾದರೆ, ಮೀಟರಿಗೆ ಹಿಂದಿನಿಂದ ಲೈಟ್ ಉಂಟಾದರೆ ಅರೆಪಾರದರ್ಶಕ ಬೆನ್ನಿನದ್ದನ್ನೇ ತನ್ನಿ. ಪೂರ್ತಿ ಬೆಳ್ಳಿಯದ್ದು ಹಾಕಿದರೆ ಲೈಟು ಹೊರಬರುವುದಿಲ್ಲ.

ಅಂಟಿಸುವ ಮೊದಲು ಕೋನ ಹುಡುಕಬೇಕು. ಎಲ್‌ಸಿಡಿಯನ್ನು ಬೋರ್ಡಿಗೆ ಕೂರಿಸಿ, ಗಾಡಿಯ ವಯರಿಗೇ ತಗುಲಿಸಿ ಕರೆಂಟ್ ಕೊಡಿ. ಪ್ಲಸ್ ಮೈನಸ್ ಅದಲುಬದಲಾಗದಂತೆ ಎರಡು ಸಲ ನೋಡಿ. ಹೆಚ್ಚಿನ ಮೀಟರುಗಳು ಚಾಲೂ ಆದ ಕೂಡಲೇ ಎಲ್ಲ ಅಂಕಿಗಳನ್ನೂ ಎರಡು ಮೂರು ಸೆಕೆಂಡ್ ತೋರಿಸುತ್ತವೆ, ಆಗ ನೋಡಿಕೊಳ್ಳಿ. ಹಾಳೆಯ ರಕ್ಷಣಾ ಕಾಗದ ತೆಗೆಯದೆ ಮೇಲಿಟ್ಟು ತಿರುಗಿಸಿ, ಅಂಕಿ ಅತಿ ಕಪ್ಪಾಗುವ ಕೋನದಲ್ಲಿ ಮಾರ್ಕರಿನಿಂದ ಮೇಲಿನ ಅಂಚು ಗುರುತು ಮಾಡಿ. ಹೆಚ್ಚಾಗಿ ಅದು 45 ಡಿಗ್ರಿಯ ಓರೆಯಲ್ಲಿ ಬರುತ್ತದೆ, ಆದ್ದರಿಂದ ಹಾಳೆ ಅಳತೆಗಿಂತ ದೊಡ್ಡದೇ ಬೇಕು. 90 ಡಿಗ್ರಿ ತಿರುಗಿಸಿದರೆ ಕಪ್ಪು ನೆಲದಲ್ಲಿ ಬಿಳಿ ಅಂಕಿ ಬರುತ್ತದೆ. ಹುಡುಗರಿಗೆ ಅದು ಭಾರಿ ಇಷ್ಟ. ಬೇಕಲದ ಬಟಾಬಯಲಲ್ಲಿ, ನೆತ್ತಿಯ ಮೇಲೆ ಸೂರ್ಯ ಇದ್ದಾಗ ಆ ಬಿಳಿ ಅಂಕಿ ಕಣ್ಣಿಗೆ ಬೀಳುವುದಿಲ್ಲ. ನಾನು ಮಾಡಿಕೊಡುವುದಿಲ್ಲ.

ಹಳೆ ಹಾಳೆಯನ್ನೇ ಅಳತೆಯಾಗಿಟ್ಟು ಕತ್ತರಿಸಿ. ಫ್ಯಾನ್ ನಿಲ್ಲಿಸಿ. ಇದು ಸಣ್ಣ ಮಾತಲ್ಲ, ಒಂದು ಧೂಳಿನ ಕಣ ಒಳಗೆ ಸಿಕ್ಕಿಕೊಂಡರೆ ಅದರ ಸುತ್ತ ಸಾಸಿವೆಯಷ್ಟು ಗುಳ್ಳೆ ನಿಂತು ಜೀವಮಾನವಿಡೀ ನಿಮ್ಮನ್ನೇ ನೋಡುತ್ತಿರುತ್ತದೆ. ಒಂದು ಅಂಚನ್ನು ಮೊದಲು ಕೂರಿಸಿ, ಹಳೆ ಎಟಿಎಂ ಕಾರ್ಡಿಗೆ ಮೆತ್ತಗಿನ ಬಟ್ಟೆ ಸುತ್ತಿ ಒತ್ತುತ್ತಾ ಬನ್ನಿ. ಜೋಡಿಸುವಾಗ ಝೀಬ್ರಾ ರಬ್ಬರನ್ನೂ ಅದು ಕೂರುವ ಚಿನ್ನದ ಬಣ್ಣದ ಪಟ್ಟಿಗಳನ್ನೂ ಆಲ್ಕೋಹಾಲಿನಲ್ಲಿ ಒರೆಸಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಬದಿ ಬಿಗಿಯಾದರೆ ಇನ್ನೊಂದು ಬದಿಯ ಅಂಕಿ ಮಾಯ.

ಇನ್ನು ಮುಚ್ಚುವುದು. ನನ್ನ ತಪ್ಪು ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ಕುಂಬಳೆಯ ಒಬ್ಬರ ಮೀಟರ್ ಅಂದವಾಗಿ ಮಾಡಿಕೊಟ್ಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಟ್ಯೂಬ್ ತಂದು ಸೀಲ್ ಮಾಡಿದೆ. ಹಾಕುವಾಗ ಹುಳಿ ವಾಸನೆ ಬರುತ್ತಿತ್ತು, ತಲೆಗೆ ಹೋಗಲಿಲ್ಲ. ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಮೀಟರ್ ವಾಪಸು ಬಂತು. ತೆರೆದರೆ ಹಾಳೆ ಹೊಳೆಯುತ್ತಿದೆ, ಬೋರ್ಡಿನ ತಾಮ್ರ ಮಾತ್ರ ಹಸಿರು ಪಾಚಿ ಕಟ್ಟಿದಂತೆ. ಆ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಡಬ್ಬದೊಳಗೆ ಅದು ತಾಮ್ರವನ್ನೇ ತಿಂದಿತು. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಸಿಲಿಕೋನನ್ನೇ ಕೇಳಿ ತನ್ನಿ, ಮೂಸಿ ನೋಡಿ ವಿನೆಗರ್ ವಾಸನೆ ಬಂದರೆ ಹಿಂದೆ ಕೊಡಿ.

ಸೀಲ್ ಇಷ್ಟು ಮುಖ್ಯವಾಗಲು ಕಾರಣ ಉಂಟು. ಬಿಸಿಲಲ್ಲಿ ನಿಂತ ಮೀಟರಿನೊಳಗಿನ ಗಾಳಿ 60 ಡಿಗ್ರಿ ಇದೆ ಎನ್ನಿ. ಅದರ ಮೇಲೆ 28 ಡಿಗ್ರಿಯ ಕಡಲನೀರು ರಾಚಿದರೆ ಒಳಗಿನ ಗಾಳಿ ತಣಿದು ಅದರ ಒತ್ತಡ ಸುಮಾರು ಹತ್ತನೇ ಒಂದು ಪಾಲು ಇಳಿಯುತ್ತದೆ. ಕಣ್ಣಿಗೆ ಕಾಣದ ಸಂದಿ ಇದ್ದರೂ ಸಾಕು, ಪಿಚಕಾರಿಯ ಹಾಗೆ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಸವಾರಿಯಲ್ಲಿ ಇದು ಎಷ್ಟು ಸಲ ಆಗುತ್ತದೆ, ನೀವೇ ಲೆಕ್ಕ ಹಾಕಿ.

ಮುಚ್ಚುವ ಮೊದಲು ಒಳಗನ್ನು ಒಣಗಿಸಬೇಕು. ನನ್ನಲ್ಲಿ ಬಿಸ್ಕತ್ತಿನ ಹಳೆ ತಗಡಿನ ಡಬ್ಬಕ್ಕೆ 40 ವ್ಯಾಟಿನ ಹಳದಿ ಬಲ್ಬು ಹಾಕಿದ್ದು ಉಂಟು. ಮೀಟರನ್ನು ಬಲ್ಬಿಗೆ ತಾಗದಂತೆ ನಾಲ್ಕು ಗಂಟೆ ಅದರಲ್ಲಿಟ್ಟು, ಬೆಚ್ಚಗಿರುವಾಗಲೇ ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು ಮುಚ್ಚುತ್ತೇನೆ. ಸಿಲಿಕೋನ್ ಗಟ್ಟಿಯಾಗಲು ಪೂರ್ತಿ ಒಂದು ದಿನ ಬಿಡಿ. ಅದು ಗಾಳಿಯ ತೇವ ಹೀರಿಯೇ ಗಟ್ಟಿಯಾಗುವುದು, ಹಾಗಾಗಿ ನಮ್ಮ ಮಳೆಗಾಲ ಈ ಒಂದು ಕೆಲಸಕ್ಕೆ ಒಳ್ಳೆಯದು. ಆಮೇಲೆ ಸ್ನಾನಕ್ಕೆ ಹದವಾದ ಬಿಸಿನೀರಿನ ಬಕೆಟಿನಲ್ಲಿ ಮೀಟರನ್ನು ಒಂದು ನಿಮಿಷ ಮುಳುಗಿಸಿ. ಕನೆಕ್ಟರ್ ಇರುವ ಬದಿ ನೀರಿನಿಂದ ಮೇಲಿರಲಿ. ಒಳಗಿನ ಗಾಳಿ ಹಿಗ್ಗಿ, ಸಂದಿ ಇದ್ದಲ್ಲಿ ಸಾಲಾಗಿ ಗುಳ್ಳೆ ಬಿಡುತ್ತದೆ. ನೀರು ತಣಿಯುವ ಮೊದಲು ಹೊರತೆಗೆಯಿರಿ, ತಣಿಯಲು ಬಿಟ್ಟರೆ ಅದೇ ಸಂದಿಯಲ್ಲಿ ನೀರು ಒಳಗೆ ಹೋಗುತ್ತದೆ.

ಮೀಟರ್ ಇಲ್ಲದೆ ಓಡಿಸುವ ಮಾತು. ವೇಗ ಕಾಣದಿದ್ದರೆ ನಷ್ಟವಿಲ್ಲ, ನೀರಲ್ಲಿ ವೇಗ ಮುಖಕ್ಕೆ ಗೊತ್ತಾಗುತ್ತದೆ. 2002 ಅಂದರೆ ಜೆಟ್ ಸ್ಕೀಗಳು ಟೂ ಸ್ಟ್ರೋಕಿನಿಂದ ಫೋರ್ ಸ್ಟ್ರೋಕಿಗೆ ಹೊರಳಿದ ವರ್ಷ. ಯಮಾಹಾ, ಸೀ-ಡೂ ಎರಡೂ ಆ ವರ್ಷ ಫೋರ್ ಸ್ಟ್ರೋಕ್ ಇಳಿಸಿದವು, ಹಳೆಯದನ್ನೂ ಮಾರುತ್ತಿದ್ದವು. ನಿಮ್ಮದು ಆಯಿಲ್ ಟ್ಯಾಂಕ್ ಬೇರೆ ಇರುವ ಟೂ ಸ್ಟ್ರೋಕ್ ಆದರೆ ಆಯಿಲ್ ಮುಗಿದ ಎಚ್ಚರಿಕೆ ಕಾಣದೆ ಹೋಗುವುದು ಅಪಾಯ, ಪಿಸ್ಟನ್ ಹಿಡಿದುಬಿಡುತ್ತದೆ. ಎಂಜಿನ್ ಕಾಯ್ದ ಎಚ್ಚರಿಕೆಯೂ ಅಷ್ಟೇ. ಮೀಟರ್ ಸರಿಯಾಗುವವರೆಗೆ ಇಳಿಸಲೇಬೇಕಾದರೆ ಪ್ರತಿ ಸಲ ಪೆಟ್ರೋಲನ್ನೂ ಆಯಿಲನ್ನೂ ಕಣ್ಣಾರೆ ನೋಡಿ, ದಡ ಕಾಣುವಷ್ಟರಲ್ಲೇ ಇರಿ. ಅಳಿವೆ ದಾಟಬೇಡಿ.

ಕೆಲವು ಗಾಡಿಗಳಲ್ಲಿ ಎಂಜಿನ್ ಓಡಿದ ಗಂಟೆಗಳ ಲೆಕ್ಕ ಮೀಟರಿನ ಒಳಗೇ ಇರುತ್ತದೆ. ಯಾರೋ ಬೇರೆ ಗಾಡಿಯ ಹಳೆ ಮೀಟರ್ ಕೊಟ್ಟರೆ ಆ ಗಾಡಿಯ ಗಂಟೆಗಳೂ ಜೊತೆಗೆ ಬರುತ್ತವೆ, ಮಾರುವಾಗ ಜಗಳ. ಇದೊಂದು ಕಾರಣಕ್ಕೂ ಹಳೆಯದನ್ನೇ ಉಳಿಸಿಕೊಳ್ಳುವುದು ಮೇಲು. ಬಿಚ್ಚುವ ಮೊದಲು ಆ ಕೂಲಿಂಗ್ ಗ್ಲಾಸ್ ಹಿಡಿದು ಗಂಟೆಯ ಅಂಕಿಯನ್ನು ಫೋಟೋ ತೆಗೆದಿಟ್ಟುಕೊಳ್ಳಿ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಹೇಗೂ ಗಾಡಿ ನೀರಿಗೆ ಇಳಿಸುವ ಹಾಗಿಲ್ಲ. ಆಗ ಬಿಚ್ಚಿ, ಅವಸರ ಇರುವುದಿಲ್ಲ. ಮತ್ತೆ ಇಳಿಸಿದ ಮೇಲೆ ಪ್ರತಿ ಸವಾರಿ ಮುಗಿದಾಗ ಸಿಹಿನೀರು ಹೊಯ್ದು ಒರೆಸಿ, ಮೀಟರಿನ ಮೇಲೆ ಬಿಳಿ ಹತ್ತಿ ಬಟ್ಟೆ ಹೊದೆಸಿ. ಕಪ್ಪು ರೆಕ್ಸಿನ್ ಬೇಡ, ಅದು ಒಳಗೆ ಹಬೆ ಕಟ್ಟುತ್ತದೆ. ಕತ್ತರಿಸಿ ಉಳಿದ ಹಾಳೆಯನ್ನು ಬಿಸಾಡದೆ ಒಂದು ಪುಸ್ತಕದ ನಡುವೆ ಕತ್ತಲಲ್ಲಿ ಇಟ್ಟಿರಿ, ಬಾವನ ಬೈಕಿನ ಮೀಟರಿಗೆ ಬೇಕಾದೀತು.